ಗುಳಿಗೆಗೂ ಹಾಲಿಗೂ ನಡುವೆ ಒಂದು ತಾಸು

ಕೂಕಟ್‌ಪಲ್ಲಿ, ಹೈದರಾಬಾದ್
12 ಜುಲೈ 2003

ಲಿಂಗಸುಗೂರಿನಲ್ಲಿರುವ ಅಕ್ಕ ವಿಶಾಲಾಕ್ಷಿಗೆ ತಮ್ಮ ಚನ್ನಬಸಪ್ಪ ಇಲ್ಲಿಂದಲೇ ಬಾಗಿ ಶರಣು ಎನ್ನುತ್ತಾನೆ.

ಫೋನು ಮಾಡಿದರೆ ನಿನಗೆ ಕೇಳುವುದಿಲ್ಲ. ‘ಯಾರು? ಗಟ್ಟಿ ಮಾತಾಡ್ರಿ’ ಎನ್ನುವುದರಲ್ಲೇ ಹೊತ್ತು ಹೋಗುತ್ತದೆ. ಆದ್ದರಿಂದ ಪತ್ರವೇ ಗತಿ. ಐ ಬೆಗ್ ಟು ಸ್ಟೇಟ್ ದಟ್, ಅಂದರೆ ನಿವೇದಿಸಿಕೊಳ್ಳುವುದೇನೆಂದರೆ ಎಂದರ್ಥ. ರಾಯಚೂರು ಕಾಲೇಜಿನಲ್ಲಿ ರಜಾ ಅರ್ಜಿಗೆಂದು ಕಲಿಸಿದ್ದು. ಮುಂದಿನ ಸಾಲು ಮರೆತಿದೆ, ಇದೊಂದು ಉಳಿದಿದೆ.

ನನ್ನಾಕೆ ಅಂಬುಬಾಯಿ ತೀರಿಹೋಗಿ ವರ್ಷ ತುಂಬಿತು. ನೀನು ಬಂದು ಹೋದ ಮೇಲೆ ಮನೆ ಮತ್ತೆ ಮೊದಲಿನಂತಾಯಿತು. ಮಗಳು ವಿಜಯಶ್ರೀ ರಾತ್ರಿ ಪಾಳಿಗೆ ಹೋಗುತ್ತಾಳೆ. ಅಮೆರಿಕದ ಡಾಕ್ಟರುಗಳು ಅಲ್ಲಿ ಹಗಲಿಡೀ ರೋಗಿಗಳ ಬಗ್ಗೆ ಮಾತಾಡಿದ್ದನ್ನು ಇವಳು ಇಲ್ಲಿ ಕಿವಿಗೆ ಹಾಕಿಕೊಂಡು ಟೈಪು ಮಾಡಬೇಕು. ಈಗ ಈ ಊರಿನ ತುಂಬ ಇದೇ ತರಹದ ಕೆಲಸ. ಅಳಿಯ ಕಲ್ಲೇಶ ಮಿಯಾಪುರದ ಕಡೆ ಕಟ್ಟಡ ಕೆಲಸ ನೋಡಿಕೊಳ್ಳುತ್ತಾನೆ, ಸೂರ್ಯ ಹುಟ್ಟುವ ಮೊದಲೇ ಹೊರಡುತ್ತಾನೆ. ಇವಳು ಬಂದು ಮಲಗುವ ಹೊತ್ತಿಗೆ ನಾನು ಪೂಜೆಗೆ ಕೂತಿರುತ್ತೇನೆ. ಒಂದೇ ಮನೆ, ಮೂರು ಗಡಿಯಾರ.

ಹೇಳಬೇಕಾದ ಮಾತು ಬೇರೆಯೇ ಇತ್ತು. ನನಗೆ ಥೈರಾಯ್ಡ್ ಕಡಿಮೆ ಇದೆಯಂತೆ. ಗಂಟಲಲ್ಲಿ ಚಿಟ್ಟೆಯ ಆಕಾರದ ಗ್ರಂಥಿಯೊಂದಿದೆ, ಅದು ಮೈಗೆಲ್ಲ ಉರಿ ಹಚ್ಚುವ ಒಲೆ ಇದ್ದ ಹಾಗೆ. ನನ್ನದು ಸಣ್ಣಗಾಗಿದೆ ಎಂದು ಡಾಕ್ಟರ್ ಪದ್ಮನಾಭ ಹೇಳಿದರು. ತೆಲುಗಿನವರು, ಒಳ್ಳೆಯವರು. ಸಾಸಿವೆಗಿಂತ ತುಸು ದೊಡ್ಡ ಗುಳಿಗೆ ಕೊಟ್ಟಿದ್ದಾರೆ. ಮೊದಲ ತಿಂಗಳು ಐವತ್ತು ಮೈಕ್ರೋಗ್ರಾಮಿನದು, ಈಗ ನೂರರದು. ‘ದಿನಾ ಬರಿಹೊಟ್ಟೆಯಲ್ಲಿ ನುಂಗಬೇಕು’ ಎಂದಿದ್ದಾರೆ. ಅದೇನು ನನಗೆ ಕಷ್ಟವೇ? ದೀಕ್ಷೆಯಾದ ದಿನ ನೀನೇ ಅಲ್ಲವೇ ಹೇಳಿದ್ದು, ಲಿಂಗಪೂಜೆಗೆ ಮೊದಲು ಹನಿ ನೀರೂ ಗಂಟಲಿಗೆ ಇಳಿಯಬಾರದು ಎಂದು. ಇಳಿದಿಲ್ಲ ಇಂದಿನವರೆಗೆ. ಪೂಜೆ ಮುಗಿದ ಮೇಲೆ ಅಂಬುಬಾಯಿಯ ಬೆಳ್ಳಿ ಬಟ್ಟಲಲ್ಲಿ ಪ್ರಸಾದದ ಹಾಲು, ಅದರ ಜೊತೆಗೆ ಈ ಗುಳಿಗೆ, ಮಂಡಿನೋವಿಗೆಂದು ಬೇರೆ ಡಾಕ್ಟರು ಕೊಟ್ಟ ಸುಣ್ಣದ, ಅಂದರೆ ಕ್ಯಾಲ್ಸಿಯಂ, ಗುಳಿಗೆ. ತಿಂಡಿ ತಿನ್ನುವುದು ಅದಾದ ಮೇಲೆಯೇ.

ಚಿಂತೆ ಬೇಡ. ಇದು ಅಂಬುಬಾಯಿಯನ್ನು ಒಯ್ದ ರೋಗದಂಥದ್ದಲ್ಲ. ಲಿವರ್ ಎಂಬ ಶಬ್ದವನ್ನು ಈ ಮನೆಯಲ್ಲಿ ಯಾರೂ ಆಡುವುದಿಲ್ಲ. ನಾನೂ ಈಗ ಬರೆದದ್ದಷ್ಟೆ.

ನಿನ್ನ ತಮ್ಮ
ಚನ್ನಬಸಪ್ಪ

•

ಲಿಂಗಸುಗೂರು
2 ಆಗಸ್ಟ್ 2003

ಚನ್ನೂಗ ಅಕ್ಕನ ಆಶೀರ್ವಾದ, ಮುಟ್ಟಿದ ಕೂಡ್ಲೇ ಓದಿಕೋ.

ನಾ ಮಾತಾಡಿದಂಗ ಬರಿತೀನಿ, ನನಗ ನಿನ್ನಂಗ ಕಾಲೇಜಿಲ್ಲ. ಕಾಗದದಾಗ ಇಂಗ್ಲಿಷ್ ತುರುಕಿದಿ, ನಮ್ಮ ಸಾಲಿ ಮಾಸ್ತರ ಕಡೆ ಓದಿಸಿದೆ. ಅವರು ನಕ್ಕರು, ನಾನೂ ನಕ್ಕೆ. ಚಲೋ ಆತು, ನೀ ನಗಸಾಕತ್ತೀದಿ ಅಂದ್ರ ಆರಾಮ ಇದ್ದಿ.

ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ಆ ಬೆಳ್ಳಿ ಬಟ್ಟಲ ವಿಜಯಶ್ರೀಗೆ ಕೊಟ್ಟುಬಿಡು. ತಾಯಿದು ಮಗಳಿಗೆ ಹೋಗಬೇಕು. ದಿನಾ ಅದರಾಗ ಹಾಲು ಹಾಕ್ಕೊಂಡು ಕುಂತ್ರ ಆಕಿ ತಿರುಗಿ ಬರ್ತಾಳೇನು? ನೀ ಸ್ಟೀಲ್ ವಾಟಗದಾಗ ಕುಡಿ, ಹಾಲು ಹಾಲೇ ಇರ್ತೈತಿ.

ದೀಪಾವಳಿಗೆ ಬಾ. ಗುರೆಳ್ಳು ಚಟ್ನಿ ಕುಟ್ಟಿ ಇಡ್ತೀನಿ.

ವಿಶಾಲಾಕ್ಷಿ

•

ಕೂಕಟ್‌ಪಲ್ಲಿ
20 ಅಕ್ಟೋಬರ್ 2003

ಅಕ್ಕ,

ನಿನ್ನ ಪತ್ರ ಬಂದಿತ್ತು. ಉತ್ತರ ತಡವಾಯಿತು.

ಇಲ್ಲಿ ಚಳಿ ಬಹಳ. ಬೇರೆಯವರು ಫ್ಯಾನು ಹಾಕಿಕೊಳ್ಳುತ್ತಾರೆ, ನಾನು ಶಾಲು ಹೊದೆಯುತ್ತೇನೆ. ಮೆಟ್ಟಿಲು ಹತ್ತುವುದು ಬೇಡವೆನಿಸುತ್ತದೆ. ಮುಖ ಊದಿದೆ ಎಂದು ವಿಜಯಶ್ರೀ ಹೇಳುತ್ತಾಳೆ. ಗುಳಿಗೆ ನೂರೈವತ್ತಕ್ಕೆ ಏರಿದೆ. ದಿನಾ ತಪ್ಪದೆ ನುಂಗುತ್ತೀರಾ ಎಂದು ಡಾಕ್ಟರು ಕೇಳಿದರು. ದಿನಾ ತಪ್ಪದೆ ನುಂಗುತ್ತೇನೆ ಎಂದೆ.

ದೀಪಾವಳಿಗೆ ಬರಲಾಗುವುದಿಲ್ಲ. ಇಲ್ಲಿ ಚಳಿ ಬಹಳ.

ಚನ್ನಬಸಪ್ಪ

•

ಲಿಂಗಸುಗೂರು
18 ನವೆಂಬರ್ 2003

ಚನ್ನೂ,

ನೀ ಸಿಟ್ಟಾಗಿದಿ. ಅಲ್ಲ ಅನ್ನಬ್ಯಾಡ. ಕಾಗದದಾಗ ಒಂದು ಇಂಗ್ಲಿಷ್ ಅಕ್ಷರ ಇಲ್ಲ. ಮಾಸ್ತರು ಇಂಗ್ಲಿಷ್ ಬಂದೀತಂತ ಚಸ್ಮಾ ಒರಸ್ಕೊಂಡು ಕುಂತಿದ್ರು, ಪಾಪ. ‘ಚಳಿ ಭಾಳ’ ಅಂತ ಎರಡು ಸರ್ತಿ ಬರದಿ. ಹೈದರಾಬಾದಿನಾಗ ಅಕ್ಟೋಬರ್‌ದಾಗ ಎಂಥಾ ಚಳಿಯೋ? ಬರೂದು ಬ್ಯಾಡಾಗಿತ್ತು, ನೆಪ ಬರದಿ.

ಬಟ್ಟಲದ ಮಾತು ನಾ ಆಡಬಾರದಿತ್ತು. ಇಟ್ಕೋ. ನಿನ್ನ ಹೇಣ್ತಿದು, ನಿನ್ನ ಹಾಲು. ನಾ ಯಾರು ನಡುವ ಬರಾಕ. ಆದ್ರ ಒಡಹುಟ್ಟಿದವರ ಮ್ಯಾಲೆ ಇಷ್ಟು ತಣ್ಣಗ ಸಿಟ್ಟು ಮಾಡ್ಕೋಬಾರದು. ಬೈದು ಬರಿ, ತಡಕೋತೀನಿ.

ಅಕ್ಕ

•

ಕೂಕಟ್‌ಪಲ್ಲಿ
25 ಜನವರಿ 2004

ಅಕ್ಕ,

ಸಿಟ್ಟಿಲ್ಲ. ಸಿಟ್ಟು ಬರುವಷ್ಟು ಶಕ್ತಿ ಇಲ್ಲ.

ನಿನಗೆ ಬರೆಯಬಾರದೆಂದು ಮೂರು ತಿಂಗಳಿಂದ ಇಟ್ಟುಕೊಂಡಿದ್ದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಸರಿ ಇಲ್ಲವೆಂದು ಬಂತು. ಹೊಟ್ಟೆಯ ಸ್ಕ್ಯಾನ್ ಮಾಡಿದರು. ಲಿವರಿನ ತುಂಬ ಕೊಬ್ಬು ಕೂತಿದೆ ಎಂದರು. ಅಂಬುಬಾಯಿಯ ಕಾಗದದ ಮೇಲಿದ್ದ ಅದೇ ಶಬ್ದ ನನ್ನ ಕಾಗದದ ಮೇಲೂ ಇತ್ತು. ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಗುಳಿಗೆ ಈಗ ಇನ್ನೂರರದು.

ಚನ್ನಬಸಪ್ಪ

•

ಕೂಕಟ್‌ಪಲ್ಲಿ
16 ಫೆಬ್ರವರಿ 2004

ಅಕ್ಕ,

ವಿಜಯಶ್ರೀ ಪಕ್ಕದಲ್ಲಿ ಕೂತು ಇದನ್ನು ಬರೆಸುತ್ತಿದ್ದಾಳೆ. ನಾನು ನಿಲ್ಲಿಸಿದರೆ ‘ಮುಂದ ಬರಿ’ ಎನ್ನುತ್ತಾಳೆ.

ಅವಳ ಕಂಪನಿಗೆ ಅಮೆರಿಕದ ಒಬ್ಬ ಮುದುಕಿಯ ಕಥೆ ಬಂದಿತ್ತಂತೆ. ಆಕೆಗೂ ಥೈರಾಯ್ಡ್. ಎಷ್ಟು ಗುಳಿಗೆ ಕೊಟ್ಟರೂ ಹತ್ತುತ್ತಿರಲಿಲ್ಲ. ಕೊನೆಗೆ ನೋಡಿದರೆ ಆಕೆ ಅದನ್ನು ಸುಣ್ಣದ ಗುಳಿಗೆಯ ಜೊತೆ ನುಂಗುತ್ತಿದ್ದಳು. ಸುಣ್ಣ ಅದನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ರಕ್ತಕ್ಕೆ ಹೋಗಗೊಡುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದನ್ನು ಇವಳು ಟೈಪು ಮಾಡಿದಳು. ಮಾಡುತ್ತ ಮಾಡುತ್ತ ಕೈ ನಿಂತಿತಂತೆ. ಬೆಳಗ್ಗೆ ಬಂದವಳು ಮಲಗದೆ ನನ್ನೆದುರು ನಿಂತಳು.

‘ಅಪ್ಪಾ, ಗುಳಿಗಿ ಯಾವಾಗ ತಗೋತಿ?’
‘ಬರಿಹೊಟ್ಟಿಲೆ.’
‘ಯಾವುದರ ಜೋಡಿ?’
‘ಪ್ರಸಾದದ ಜೋಡಿ.’
‘ಪ್ರಸಾದ ಅಂದ್ರ ಹಾಲಲ್ಲೇನು? ಅದರಾಗೂ ಸುಣ್ಣ ಇರ್ತೈತಪ್ಪ. ಮ್ಯಾಲೆ ಮಂಡಿ ಗುಳಿಗಿ ಬ್ಯಾರೆ!’
‘ಪ್ರಸಾದ ಊಟ ಹೆಂಗಾಗ್ತದವ್ವ?’

ಅವಳು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ನಾಳೆಯಿಂದ ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗಬೇಕು, ಒಂದು ತಾಸು ಏನೂ ಮುಟ್ಟಬಾರದು ಎನ್ನುತ್ತಾಳೆ. ಪೂಜೆಗೆ ಮೊದಲು ನೀರು ಕುಡಿಯಲಾರೆ ಎಂದೆ. ‘ಅವ್ವನ್ನ ಕಳಕೊಂಡೀನಿ. ನಿನ್ನ ನೇಮಕ್ಕ ನಿನ್ನೂ ಕಳಕೋಬೇಕೇನು?’ ಎಂದು ಅತ್ತಳು.

ನೇಮ ಕೊಟ್ಟವಳು ನೀನು. ನಾನೇನು ಮಾಡಲಿ?

ಚನ್ನಬಸಪ್ಪ

•

ಲಿಂಗಸುಗೂರು
24 ಫೆಬ್ರವರಿ 2004

ಚನ್ನೂ,

ನಾ ಸಿಟ್ಟು ಅಂತ ತಿಳಕೊಂಡಿದ್ದು ರೋಗ ಇತ್ತಲ್ಲೋ. ನಾ ಎಂಥಾ ಅಕ್ಕ.

ಈಗ ಲಕ್ಷ್ಯ ಕೊಟ್ಟು ಓದು. ನೀರು ಕುಡೀಬ್ಯಾಡ ಅಂದಾಕಿ ನಾನ. ದಾರಿ ಹೇಳಾಕಿನೂ ನಾನ. ಪೂಜಿ ಬಿಡೂದು ಬ್ಯಾಡ. ಒಂದು ತಾಸು ಮೊದಲ ಏಳು, ಪೂಜಿ ಮುಗಸು. ಲಿಂಗಕ್ಕ ಎರದ ನೀರು ಇರ್ತೈತಲ್ಲ, ದಿನಾ ಒಂದು ಹನಿ ತಗೋತಿ, ಇನ್ನ ಮ್ಯಾಲೆ ಒಂದು ವಾಟಗ ಎರಿ, ಆ ನೀರಿಲೆ ಗುಳಿಗಿ ನುಂಗು. ಹಾಲು ತಾಸಿನ ಮ್ಯಾಲೆ. ಮಂಡಿ ಗುಳಿಗಿ ಮಧ್ಯಾಹ್ನ ಊಟಕ್ಕ. ಲಿಂಗಯ್ಯ ಏನೂ ಅನ್ನೂದಿಲ್ಲ. ಅಂದ್ರ ನನ್ನ ಹೆಸರು ಹೇಳು.

ವಿಜಯಶ್ರೀಗೆ ಅಳಬ್ಯಾಡ ಅನ್ನು.

ಅಕ್ಕ

•

ಕೂಕಟ್‌ಪಲ್ಲಿ
5 ಏಪ್ರಿಲ್ 2004

ಮೈ ಡಿಯರ್ ಅಕ್ಕ,

ಐ ಬೆಗ್ ಟು ಸ್ಟೇಟ್ ದಟ್ ನಿನ್ನ ತಮ್ಮ ಎದ್ದು ಕೂತಿದ್ದಾನೆ! ಗುಳಿಗೆ ಈಗ ಸರಿಯಾಗಿ ಹತ್ತಿದೆ. ಶಾಲು ಪೆಟ್ಟಿಗೆಗೆ ಹೋಯಿತು. ಬಸ್ಸು ಹಿಡಿದು ಅಬಿಡ್ಸಿಗೆ ಹೋಗಿ ಬಂದೆ, ನಾನು ಗುಮಾಸ್ತನಾಗಿದ್ದ ಆಫೀಸಿನ ಎದುರು ನಿಂತು ನೋಡಿದೆ, ಈಗ ಅಲ್ಲಿ ಕಂಪ್ಯೂಟರ್ ಕಲಿಸುವ ಬೋರ್ಡು. ಮುಂದಿನ ಓಣಿಯಲ್ಲಿ ಹಳೆಯ ಪುಸ್ತಕದ ಅಂಗಡಿಯಲ್ಲಿ ನಮ್ಮ ಕಾಲೇಜಿನ ಕಾಲದ ಗ್ರಾಮರ್ ಪುಸ್ತಕ ಸಿಕ್ಕಿತು, ಕೊಂಡುಕೊಂಡೆ, ಆಲ್ ಆಫ್ ಎ ಸಡನ್ ಎಲ್ಲ ನೆನಪಾಗುತ್ತಿದೆ. ಮೈ ಇಳಿದಿದೆ, ಬೆಲ್ಟಿಗೆ ಹೊಸ ತೂತು ಹಾಕಿಸಿದೆ. ಬೆಳಗ್ಗೆ ಕೋಳಿಗಿಂತ ಮೊದಲೇ ಎಚ್ಚರ. ಕೈ ತುಸು ನಡುಗುತ್ತದೆ, ಅಕ್ಷರ ನೋಡಿದರೆ ತಿಳಿದೀತು, ಅದು ಉತ್ಸಾಹಕ್ಕೆ. ಡಾಕ್ಟರಲ್ಲಿಗೆ ಹೋಗಬೇಕಾದ ದಿನ ದಾಟಿತು, ಆರಾಮಿದ್ದವನು ಹೋಗಿ ಮಾಡುವುದೇನು? ವಿಜಯಶ್ರೀಗೂ ಖುಷಿ.

ಎದೆ ಮಾತ್ರ ಬಾಗಿಲು ಬಡಿದ ಹಾಗೆ ಬಡಿದುಕೊಳ್ಳುತ್ತದೆ. ಅದೂ ಜೀವ ಬಂದ ಸದ್ದೇ ಅಲ್ಲವೇ.

ಯುವರ್ ಒಬೀಡಿಯಂಟ್ ತಮ್ಮ
ಚನ್ನಬಸಪ್ಪ

•

ಲಿಂಗಸುಗೂರು
14 ಏಪ್ರಿಲ್ 2004

ಚನ್ನೂ,

ಇಂಗ್ಲಿಷ್ ತಿರುಗಿ ಬಂತು! ಮಾಸ್ತರು ಕಾಗದ ಓದಿ ‘ನಿಮ್ಮ ತಮ್ಮ ಉಳದರು ಬಿಡ್ರಿ’ ಅಂದ್ರು. ಮಠಕ್ಕ ಹೋಗಿ ಬೆಲ್ಲ ಹಂಚಿ ಬಂದೆ. ಊದಿದ ಮೈ ಇಳಿದ್ರ ಚಲೋನ. ತಗೋ, ಹಿಂಗ ತಗೋತ ಹೋಗು.

ಅಕ್ಕ

•

ಕೂಕಟ್‌ಪಲ್ಲಿ
2 ಮೇ 2004

ಅಕ್ಕ, ಇದನ್ನು ನೀನೊಬ್ಬಳೇ ಓದಿಕೋ, ಮಾಸ್ತರರಿಗೆ ಕೊಡಬೇಡ, ಇದರಲ್ಲಿ ಇಂಗ್ಲಿಷ್ ಇಲ್ಲ.

ಕಣ್ಣು ಹಳದಿಯಾಗಿದೆ. ಮುಖ ತೊಳೆಯುವಾಗ ಕನ್ನಡಿಯಲ್ಲಿ ಕಂಡಿತು, ಬೆಳಕು ಇರಬೇಕು ಎಂದುಕೊಂಡು ಬಾಲ್ಕನಿಗೆ ಹೋಗಿ ನೋಡಿದೆ, ಅಲ್ಲೂ ಹಳದಿಯೇ. ಅಂಬುಬಾಯಿಗೂ ಮೊದಲು ಕಂಡದ್ದು ಇದೇ. ಅರಿಷಿಣದ ಕೈ ಕಣ್ಣಿಗೆ ತಾಗಿರಬೇಕೆಂದು ಅವಳು ನಕ್ಕಿದ್ದಳು. ನನ್ನ ಮನೆಯಲ್ಲಿ ಈಗ ಅರಿಷಿಣದ ಕೈಯಿಲ್ಲ. ಅನ್ನ ಸೇರುವುದಿಲ್ಲ, ತಿಂದದ್ದು ನಿಲ್ಲುವುದಿಲ್ಲ, ಕೂತರೆ ಏಳಬೇಕು, ಎದ್ದರೆ ಕೂಡಬೇಕು, ಬೆವರು, ಕೈ ನಡುಗಿ ಲಿಂಗ ಅಂಗೈಯಲ್ಲಿ ನಿಲ್ಲುತ್ತಿಲ್ಲ. ನಿನ್ನೆ ಎರಡೂ ಕೈಯಲ್ಲಿ ಹಿಡಿದುಕೊಂಡೆ.

ವಿಜಯಶ್ರೀಗೆ ಹೇಳಿಲ್ಲ. ಬಿಸಿಲೆಂದು ಕಪ್ಪು ಕನ್ನಡಕ ಹಾಕಿಕೊಂಡಿದ್ದೇನೆ. ಬೆಳಗ್ಗೆ ಬಂದು ಮಲಗುವವಳಿಗೆ ಕಾಣುವುದೂ ಇಲ್ಲ. ತಾಯಿಯ ತಲೆದಿಂಬಿನ ಹತ್ತಿರ ಕೂತು ಅವಳು ನೋಡಿದ್ದು ಸಾಕು. ನಾನು ಹೋದರೆ ಅಂಬುಬಾಯಿಯ ಪಕ್ಕದಲ್ಲೇ ಮಣ್ಣು ಮಾಡಿ, ಬಟ್ಟಲು ವಿಜಯಶ್ರೀಗೆ ಕೊಡು. ನೀನು ಹೇಳಿದಾಗಲೇ ಕೊಡಬೇಕಿತ್ತು.

ಗುಳಿಗೆ ಮಾತ್ರ ತಪ್ಪಿಸಿಲ್ಲ. ನೀನು ಹೇಳಿದ ನೀರಿನಲ್ಲೇ ನುಂಗುತ್ತಿದ್ದೇನೆ.

ಚನ್ನಬಸಪ್ಪ

•

ಲಿಂಗಸುಗೂರು
8 ಮೇ 2004

ಚನ್ನೂ,

ನೀ ಹೇಳಬ್ಯಾಡ ಅಂದಿದ್ದು ನಾ ಹೇಳೀನಿ. ಕಾಗದ ಓದಿದ್ದ ತಡ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿದೆ. ಬೂತಿನಾಂವ ಫೋನ್ ಹಚ್ಚಿ ಕೈಯಾಗ ಕೊಟ್ಟ. ಆ ಕಡಿ ಯಾರು ಎತ್ತಿದ್ರೋ, ಏನಂದ್ರೋ, ನನಗ ಒಂದೂ ಕೇಳಲಿಲ್ಲ. ‘ನನಗ ಕೇಳೂದಿಲ್ಲ, ನೀ ಕೇಳು! ನಿಮ್ಮಪ್ಪನ ಕಣ್ಣು ಹಳದಿ ಆಗ್ಯಾವ! ಕನ್ನಡಕ ತಗದು ನೋಡು! ಈಗಿಂದೀಗ ದವಾಖಾನಿಗೆ ಒಯ್ಯಿ! ಹೆಂಗೆಂಗ ಗುಳಿಗಿ ನುಂಗ್ಯಾನ ಎಲ್ಲಾ ಹೇಳಸು, ಹಾಲಿಂದೂ ಹೇಳಸು, ನನ್ನ ನೀರಿಂದೂ ಹೇಳಸು!’ ಅಂತ ಒದರಿ ಇಟ್ಟೆ. ಸ್ಟ್ಯಾಂಡಿನ ಮಂದಿ ಎಲ್ಲಾ ತಿರುಗಿ ನೋಡಿತು. ನೋಡ್ಲಿ ಬಿಡು.

ಈಗ ಮನಿಯಾಗ ಕುಂತೀನಿ. ನಾ ಒದರಿದ್ದು ಆಕಿಗೆ ಮುಟ್ಟಿತೋ, ಯಾರದರ ಬ್ಯಾರೆ ಮನಿಗೆ ಹೋತೋ ಗೊತ್ತಿಲ್ಲ. ನಾ ಹೇಳಿದ ನೀರಿಲೆ ನಿನಗ ಹಿಂಗ ಆಗಿದ್ರ, ಚನ್ನೂ, ನಾ ಆ ಲಿಂಗದ ಮುಂದ ಹೆಂಗ ಕುಂಡ್ರಲಿ?

ಎರಡು ಅಕ್ಷರ ಬರಿ. ಇಂಗ್ಲಿಷಿನಾಗ ಬರದ್ರೂ ನಡೀತೈತಿ.

ಅಕ್ಕ

•

ಕೂಕಟ್‌ಪಲ್ಲಿ
27 ಜೂನ್ 2004

ಅಕ್ಕ ವಿಶಾಲಾಕ್ಷಿಗೆ, ಉಳಿದಿರುವ ತಮ್ಮನ ಶರಣು.

ವಿಜಯಶ್ರೀ ನಡುವೆ ಕಳಿಸಿದ ಕಾರ್ಡು ಮುಟ್ಟಿರಬೇಕು. ನನ್ನ ಕೈಯಿಂದ ಬರೆಯಲು ಕೈ ನಿಲ್ಲುವವರೆಗೆ ಕಾದೆ. ನೋಡು, ಅಕ್ಷರ ನೆಟ್ಟಗಿವೆ.

ನಿನ್ನ ಕೂಗು ಸರಿಯಾದ ಮನೆಗೇ ಬಂತು. ಫೋನು ಎತ್ತಿದ್ದು ಅಂದು ರಜೆಯೆಂದು ಮನೆಯಲ್ಲಿದ್ದ ಕಲ್ಲೇಶ. ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದಿದ್ದ, ಒಳಕೋಣೆಯಲ್ಲಿ ಮಲಗಿದ್ದ ವಿಜಯಶ್ರೀಗೆ ಪ್ರತಿ ಶಬ್ದವೂ ಕೇಳಿತು. ಎದ್ದು ಬಂದವಳೇ ನನ್ನ ಕನ್ನಡಕ ತೆಗೆದಳು. ಅಷ್ಟೆ. ಅಲ್ಲಿಂದ ಆಟೋ.

ಡಾಕ್ಟರ್ ಪದ್ಮನಾಭ ರಕ್ತದ ಕಾಗದ ಓದಿದರು, ವಿಜಯಶ್ರೀ ಹೇಳಿದ್ದನ್ನೆಲ್ಲ ಕೇಳಿಕೊಂಡರು.

‘ಅಯ್ಯಾ, ಇಷ್ಟು ದಿನ ಹಾಲಿನ ಜೊತೆ ತಗೊಂಡಿರಾ? ನನಗೆ ಯಾಕೆ ಹೇಳಲಿಲ್ಲ?’
‘ದಿನಾ ತಗೋತೀರಾ ಅಂತ ಕೇಳಿದ್ರಿ. ದಿನಾ ತಗೊಂಡೆ.’
‘ಬರಿಹೊಟ್ಟೆ ಅಂದಿದ್ದೆ ಕದಾ, ಅಲ್ಲವೇ?’
‘ಬರಿಹೊಟ್ಟೇನ ಡಾಕ್ಟರೇ. ಅದು ಪ್ರಸಾದ.’

ಅವರು ಪೆನ್ನು ಕೆಳಗಿಟ್ಟರು. ನನ್ನನ್ನು ಬೈಯಲಿಲ್ಲ. ‘ಹೇಗೆ ತಗೋತೀರಿ ಅಂತ ನಾನೂ ಕೇಳಬೇಕಿತ್ತು’ ಎಂದರು. ಆಮೇಲೆ ನಮ್ಮಿಬ್ಬರಿಗೂ ತಿಳಿಯುವ ಹಾಗೆ ಹೇಳಿದರು. ಹಾಲು ಮತ್ತು ಸುಣ್ಣದ ಜೊತೆ ನುಂಗಿದಷ್ಟು ದಿನ ಔಷಧ ಒಳಗೆ ಹೋಗಿದ್ದೇ ಅಲ್ಪ. ಒಲೆ ಸಣ್ಣಗೇ ಉರಿಯಿತು, ಲಿವರು ಕೊಬ್ಬನ್ನು ಕರಗಿಸಲಾರದೆ ತನ್ನೊಳಗೇ ಒಟ್ಟಿಕೊಂಡಿತು. ಹತ್ತುತ್ತಿಲ್ಲವೆಂದು ಅವರು ಗುಳಿಗೆ ಏರಿಸುತ್ತ ಹೋದರು. ಆಮೇಲೆ ನೀರಿನಲ್ಲಿ ನುಂಗಲು ಶುರು ಮಾಡಿದೆನಲ್ಲ, ಏರಿಸಿದ್ದೆಲ್ಲ ಪೂರ್ತಿ ರಕ್ತಕ್ಕೆ ಹೋಯಿತು. ಉರಿ ಅತಿಯಾಯಿತು, ಅದೇ ಲಿವರು ಬೇಯತೊಡಗಿತು. ಎದೆ ಬಡಿತ, ನಡುಕ, ಹಳದಿ ಎಲ್ಲ ಅದರದೇ. ನಾನು ಜೀವ ಬಂತೆಂದು ಕುಣಿದದ್ದು ಸುಡುವ ಸದ್ದಿಗೆ. ‘ನೀರು ಸರಿ, ದಾರಿ ಸರಿ. ನೀರಿಗೆ ಬಂದ ದಿನವೇ ನನ್ನ ಹತ್ತಿರ ಬಂದು ಗುಳಿಗೆ ಇಳಿಸಿಕೊಳ್ಳಬೇಕಿತ್ತು’ ಎಂದರು. ಆದ್ದರಿಂದ ನೀನು ಲಿಂಗದ ಮುಂದೆ ಧೈರ್ಯವಾಗಿ ಕೂತುಕೋ.

ಕೇಳಲಾರದೆ ಕೇಳಿದೆ, ‘ನನ್ನ ಹೆಂಡತಿಗೆ ಆದದ್ದು...’ ಎಂದು. ‘ಅದು ಬೇರೆ, ಇದು ಬೇರೆ. ಅವರದಕ್ಕೆ ತಿರುಗುವ ದಾರಿ ಇರಲಿಲ್ಲ. ನಿಮ್ಮದಕ್ಕಿದೆ’ ಎಂದರು. ಆ ಎರಡನೆಯ ಮಾತು ನನಗೆ ಸಂತೋಷ ಕೊಡಬೇಕಿತ್ತು. ಮೊದಲನೆಯದರಲ್ಲೇ ಸಿಕ್ಕಿಕೊಂಡು ಮನೆಗೆ ಬಂದೆ.

ಕೆಲವು ದಿನ ಗುಳಿಗೆ ಪೂರ್ತಿ ನಿಲ್ಲಿಸಿದರು. ಈಗ ಸಣ್ಣದೊಂದು ಮತ್ತೆ ಶುರುವಾಗಿದೆ. ಕಣ್ಣು ತಿಳಿಯಾಗಿದೆ. ಲಿವರಿನ ಅಂಕಿಗಳು ಇಳಿಯುತ್ತಿವೆ, ಪೂರ್ತಿ ಇಳಿದಿಲ್ಲ. ಪ್ರತಿ ತಿಂಗಳು ಪರೀಕ್ಷೆಗೆ ರಕ್ತ ಕೊಡಬೇಕು. ವಿಜಯಶ್ರೀ ಈಗ ಆ ಶಬ್ದವನ್ನು ಮನೆಯಲ್ಲಿ ಗಟ್ಟಿಯಾಗಿಯೇ ಆಡುತ್ತಾಳೆ. ಆಡಿದರೆ ಏನೂ ಆಗುವುದಿಲ್ಲ.

ನೀನು ಹೇಳಿದ ಹಾಗೆ ತಾಸು ಮೊದಲು ಎದ್ದು ಪೂಜೆ ಮಾಡುತ್ತೇನೆ. ಲಿಂಗದ ನೀರಿನಲ್ಲಿ ಗುಳಿಗೆ. ಆಮೇಲೆ ಒಂದು ತಾಸು. ಈ ತಾಸು ಬಹಳ ಉದ್ದ, ಅಕ್ಕ. ಅಂಬುಬಾಯಿ ಇದ್ದಾಗ ನಾನು ಕಣ್ಣು ತೆರೆಯುವುದಕ್ಕೂ ಬಟ್ಟಲು ಹಿಡಿದ ಕೈ ಮುಂದೆ ಬರುವುದಕ್ಕೂ ಸರಿಹೋಗುತ್ತಿತ್ತು. ಅವಳು ಹೋದ ಮೇಲೆ ಹಾಲನ್ನು ನಾನೇ ಮೊದಲು ಕಾಸಿ ಪಕ್ಕದಲ್ಲಿಟ್ಟುಕೊಂಡು ಪೂಜೆಗೆ ಕೂಡುತ್ತಿದ್ದೆ. ಕಣ್ಣು ತೆರೆದ ಕೂಡಲೇ ಕುಡಿದುಬಿಡುತ್ತಿದ್ದೆ, ಆ ಕೈ ಬರಲಿಲ್ಲ ಎಂದು ತಿಳಿಯಲು ನನಗೇ ಪುರುಸೊತ್ತು ಕೊಡದ ಹಾಗೆ. ಈಗ ಪುರುಸೊತ್ತು ಸಿಕ್ಕಿದೆ. ದಿನವೂ ಒಂದು ತಾಸು ಆ ಕೈ ಬರುವುದಿಲ್ಲ. ಮೊದಮೊದಲು ಅತ್ತೆ. ಈಗ ಸುಮ್ಮನೆ ಕೂತಿರುತ್ತೇನೆ. ಈ ಪತ್ರ ಬರೆಯುತ್ತಿರುವುದೂ ಈ ತಾಸಿನಲ್ಲೇ.

ಬಟ್ಟಲನ್ನು ವಿಜಯಶ್ರೀಗೆ ಕೊಟ್ಟೆ. ತೊಳೆದು ತನ್ನ ಕಪಾಟಿನಲ್ಲಿಟ್ಟುಕೊಂಡಳು. ಪಾಳಿ ಮುಗಿಸಿ ಬಂದವಳು ಈಗ ಒಮ್ಮೆಲೇ ಮಲಗುವುದಿಲ್ಲ. ಬೂಟು ಬಿಚ್ಚಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು ಗಡಿಯಾರ ನೋಡುತ್ತಾಳೆ, ತೂಕಡಿಸುತ್ತಾಳೆ, ಮತ್ತೆ ನೋಡುತ್ತಾಳೆ.

ಇಗೋ, ಎದ್ದಳು. ‘ಅಪ್ಪಾ, ತಾಸಾತು. ಹಾಲು ಇಡ್ಲೇನು?’ ಎಂದು ಕೇಳುತ್ತಿದ್ದಾಳೆ.

‘ಇಡವ್ವ. ಉರಿ ಸಣ್ಣಗಿರ್ಲಿ.’

ಚನ್ನಬಸಪ್ಪ